ಹಕ್ಕಿಪಾಲು

ಚಿಕ್ಕೇರೂರಿನ ನಮ್ಮ ಮನೆಯೊಳಗೆ ಇದ್ದದ್ದು ಒಂದೇ ಮೆಟ್ಟಿಲು. ಆದರೆ ಇಡೀ ಮನೆಯ ಕಾನೂನು ಆ ಮೆಟ್ಟಿಲ ಮೇಲೆ ಕೂತಿತ್ತು. ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನದ ಮನೆ. ಎಡಕ್ಕೆ ಎತ್ತುಗಳು, ಬಲಕ್ಕೆ ಎಮ್ಮೆ, ನಡುವೆ ಮನುಷ್ಯರು ಹಾಯುವಷ್ಟು ದಾರಿ. ಅದನ್ನು ದಾಟಿ ಮೊಣಕಾಲೆತ್ತರದ ಕಲ್ಲು ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡಿಗೆಮನೆ, ಅದರ ಮೂಲೆಯಲ್ಲಿ ದೇವರ ಜಗಲಿ. ಮೆಟ್ಟಿಲ ಕೆಳಗೆ ಸಗಣಿ, ಗಂಜಲ, ಹೊಟ್ಟು, ಹೊಲದ ಕೆಸರು ಎಲ್ಲಕ್ಕೂ ಜಾಗವಿತ್ತು. ಮೇಲೆ ಬರುವವರು ಕಾಲು ತೊಳೆದಿರಬೇಕು, ಹಣೆಗೆ ವಿಭೂತಿ ಇರಬೇಕು, ದನಿ ತಗ್ಗಿರಬೇಕು. ಈ ಕಾನೂನನ್ನು ಮಾಡಿದವಳು ಅಪ್ಪನ ತಾಯಿ. ಆಕೆಯನ್ನು ನಾವೆಲ್ಲ ಆಯಿ ಎಂದು ಕರೆಯುತ್ತಿದ್ದೆವು. ಈಗ ಶಿಗ್ಗಾವಿಯಲ್ಲಿ ನನ್ನ ಮನೆಯ ನೆಲವೆಲ್ಲ ಒಂದೇ ಸಮ, ನುಣುಪು ಟೈಲ್ಸು. ಎಲ್ಲಿ ಕಾಲು ತೊಳೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ನನಗೂ ಹೇಳಿ ಹೇಳಿ ಸಾಕಾಗಿದೆ.

ನನ್ನನ್ನು ಬಲ್ಲವರು ನನ್ನ ನಾಲಿಗೆ ಬಿರುಸು ಎನ್ನುತ್ತಾರೆ. ಹಾಸಿಗೆ ಹಿಡಿದವರ ಎದುರು ಬಂಧುಬಳಗವೆಲ್ಲ ಕೂತು ಏನೂ ಆಗಿಲ್ಲ, ನಾಳೆ ಎದ್ದು ಓಡಾಡುತ್ತೀರಿ ಎನ್ನುವಾಗ ನಾನು ಒಬ್ಬಳೇ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಕೇಳಿದರೆ ಇದ್ದದ್ದನ್ನು ಹೇಳಿಬಿಡುತ್ತೇನೆ. ಸೊಸೆ ಇದನ್ನು ಕಲ್ಲೆದೆ ಎಂದುಕೊಂಡಿದ್ದಾಳೆ, ಅಂದುಕೊಳ್ಳಲಿ. ಸತ್ಯದ ಮೇಲೆ ನನಗೆ ಅಂಥ ದೊಡ್ಡ ಪ್ರೀತಿಯೇನಿಲ್ಲ. ಒಂದು ಒಳ್ಳೆಯ ಸುಳ್ಳನ್ನು ಸಾಕಲು ಇಡೀ ಮನೆ ಎಷ್ಟು ದುಡಿಯಬೇಕಾಗುತ್ತದೆ ಎಂಬುದನ್ನು ಚಿಕ್ಕವಳಿದ್ದಾಗಲೇ ನೋಡಿ ದಣಿದಿದ್ದೇನೆ, ಅಷ್ಟೆ. ಅದು ನನ್ನ ಕೋಳಿ ಸತ್ತ ಮುಂಗಾರಿನ ಮಾತು.

ಲಿಂಗ ಕಟ್ಟಿದವರ ಮನೆಯಲ್ಲಿ ಕೋಳಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಇದಿಷ್ಟನ್ನು ಹೇಳಬೇಕು. ಹಿತ್ತಲ ಗೋಡೆಯಾಚೆ ದ್ಯಾಮವ್ವ ಎಂಬ ಕುರುಬರ ಹೆಂಗಸಿನ ಮನೆ. ಆಕೆಯ ಕೋಳಿಯೊಂದು ಕದ್ದು ಬಂದು ನಮ್ಮ ಹುಲ್ಲಿನ ಬಣವೆಯ ಸಂದಿಯಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಕಾವಿಗೆ ಕೂತು, ಮರಿಗಳನ್ನು ಕರೆದುಕೊಂಡು ಒಂದು ಬೆಳಗ್ಗೆ ಗೋಡೆ ಹಾರಿ ಹೋಯಿತು. ಹಿಂದುಳಿದ ಒಂದು ಮೊಟ್ಟೆ ಆಮೇಲೆ ಒಡೆಯಿತು. ಎಮ್ಮೆಗೆ ಹುಲ್ಲು ಹಿರಿಯಲು ಹೋದ ಅವ್ವನ ಕೈಗೆ ಆ ಮರಿ ಸಿಕ್ಕಿತು. ತಾಯಿಕೋಳಿಯ ಹತ್ತಿರ ಬಿಟ್ಟರೆ ಅದು ಕುಟುಕಿ ಓಡಿಸಿತು. ಬೇಕಾದರೆ ನೀನೇ ಸಾಕಿಕೋ ಎಂದು ದ್ಯಾಮವ್ವ ಮರಿಯನ್ನು ನನ್ನ ಲಂಗದ ಉಡಿಯೊಳಗೆ ಹಾಕಿ ಹೋದಳು. ಅದು ಬೆಳೆದು ಹೇಂಟೆಯಾಗಿ ಎದೆ ಮುಂದೆ ಮಾಡಿ, ಒಂದೊಂದೇ ಹೆಜ್ಜೆಯನ್ನು ಯೋಚಿಸಿ ಇಡುವುದನ್ನು ಕಂಡು ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟವಳೂ ದ್ಯಾಮವ್ವನೇ. ಎದುರು ಓಣಿಯಲ್ಲಿ ನಿಜವಾದ ಗೌಡ್ತಿ ಒಬ್ಬರಿದ್ದರು. ಅವರು ನಮ್ಮ ಮನೆಗೆ ಬಂದಾಗ ಮಾತ್ರ ಕೋಳಿಗೆ ಹೆಸರಿರುತ್ತಿರಲಿಲ್ಲ.

ಆಯಿ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು. ಮೆಟ್ಟಿಲ ಕೆಳಗೆ ಏನಾದರೂ ಮಾಡಿಕೊಳ್ಳಲಿ, ಮೇಲೆ ಬಂದರೆ ಆ ದಿನವೇ ಗೋಡೆಯಾಚೆ ಹಾಕುತ್ತೇನೆ. ಗೌಡ್ತಿಗೆ ಇದು ಹೇಗೆ ತಿಳಿಯಿತೋ, ಅದು ಒಂದು ದಿನವೂ ಆ ಕಲ್ಲು ಹತ್ತಲಿಲ್ಲ. ಎಮ್ಮೆಯ ಗೋದಲಿಯ ಪಕ್ಕ ಮಲಗುತ್ತಿತ್ತು, ಅಲ್ಲೇ ಮೊಟ್ಟೆಯಿಡುತ್ತಿತ್ತು. ಮೊಟ್ಟೆಯನ್ನು ಅವ್ವ ಹಳೆಯ ಬಟ್ಟಲಲ್ಲಿಟ್ಟು ಗೋಡೆಯ ಮೇಲಿಂದ ದ್ಯಾಮವ್ವನಿಗೆ ದಾಟಿಸುತ್ತಿದ್ದಳು. ನಾನು ಶಾಲೆಯಿಂದ ಬಂದರೆ ಪಾಟೀಚೀಲ ಇಳಿಸುವ ಮೊದಲೇ ಅದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇಲ್ಲದ ಮನೆಯಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದದ್ದು ಅದೊಂದೇ. ನನಗೆ ಅದರ ಮೇಲೆ ಪ್ರಾಣ.

ಆಯಿಯ ಮತ್ತು ಗೌಡ್ತಿಯ ನಡುವಿನ ವ್ಯವಹಾರವೇ ಬೇರೆ. ಆಯಿ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಪಡಸಾಲೆಯ ಅಂಚಿಗೆ ಬಂದು ಕೂರುವಳು. ಅವ್ವನ ತವರು ಸವಣೂರು. ಅಲ್ಲಿಂದ ಬಂದ ವೀಳ್ಯದೆಲೆಯ ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿ ಆಕೆಯ ಮಗ್ಗುಲಲ್ಲೇ ಇರುತ್ತಿತ್ತು. ಎಲೆಯ ತೊಟ್ಟು ಮುರಿದು, ಸುಣ್ಣ ಸವರುತ್ತ ಆಕೆ ಕೆಳಗೆ ನಿಂತ ಗೌಡ್ತಿಗೆ ಸೊಸೆಯ ಚಾಡಿ ಹೇಳುತ್ತಿದ್ದಳು. ಪುಂಡಿಪಲ್ಲೆಗೆ ಬೆಳ್ಳುಳ್ಳಿ ಕಡಿಮೆ ಹಾಕಿದ್ದು, ರೊಟ್ಟಿ ಸುಡುವಾಗ ಯಾರೊಡನೆಯೋ ಮಾತಿಗೆ ನಿಂತದ್ದು, ಎಲ್ಲವೂ ಅದರ ಕಿವಿಗೆ ಬೀಳುತ್ತಿತ್ತು. ಗೌಡ್ತಿ ಕತ್ತು ವಾರೆ ಮಾಡಿ ಕೇಳುತ್ತಿತ್ತು. ಒಳಗಿನಿಂದ ಅವ್ವನೂ ಕೇಳುತ್ತಿದ್ದಳು, ಅದಕ್ಕಾಗಿಯೇ ಅಲ್ಲವೇ ಗಟ್ಟಿಯಾಗಿ ಹೇಳುವುದು. ಇಷ್ಟೆಲ್ಲ ಸಲಿಗೆ ಇದ್ದರೂ ಆಯಿ ಅದನ್ನು ಮುಟ್ಟಿದವಳಲ್ಲ, ತನ್ನ ಕೈಯಾರೆ ಒಂದು ಕಾಳು ಹಾಕಿದವಳಲ್ಲ. ನುಚ್ಚು ಚೆಲ್ಲುವುದು ಅವ್ವನ ಕೆಲಸವಾಗಿತ್ತು.

ಆಯಿಯದು ಅಂತ ಆ ಮನೆಯಲ್ಲಿ ಉಳಿದಿದ್ದ ಕೆಲಸವೂ ಒಂದೇ, ಬೀಜ. ಆಕೆಯ ಕಾಲದಲ್ಲಿ ಮುಂದಿನ ವರ್ಷದ ಬಿತ್ತನೆಯ ಜೋಳವನ್ನು ಹೊಲದಲ್ಲೇ ತೆನೆ ನೋಡಿ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಗಳಲ್ಲಿ ತುಂಬಿಡುತ್ತಿದ್ದರು. ಆ ಮಡಕೆಗೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಬಿತ್ತುವ ದಿನ ಆಕೆ ಬೀಜವನ್ನು ಮೊರಕ್ಕೆ ಸುರಿದು, ಅರಿಷಿಣ ಕುಂಕುಮ ಸವರಿ, ಪೂಜೆ ಮಾಡಿ ಅಪ್ಪನ ಚೀಲಕ್ಕೆ ತುಂಬುವಳು. ಮೊರದಲ್ಲಿ ಒಂದು ಹಿಡಿ ಉಳಿಸಿಕೊಳ್ಳುವಳು. ಅದನ್ನು ಅಂಗಳದಲ್ಲಿ ಚೆಲ್ಲಿದರೆ ಗುಬ್ಬಿಗಳು ಬಂದು ತಿನ್ನಬೇಕು. ಅದಕ್ಕೆ ಹಕ್ಕಿಪಾಲು ಎಂದು ಹೆಸರು. ಮೊದಲೇ ಪಾಲು ಕೊಟ್ಟರೆ ಆಮೇಲೆ ಹೊಲಕ್ಕೆ ಬಂದು ಬಿತ್ತಿದ್ದನ್ನು ಕೆದಕುವುದಿಲ್ಲ ಎಂದು ಆಯಿಯ ನಂಬಿಕೆ. ಹಕ್ಕಿಗಳು ಈ ಕರಾರಿಗೆ ಒಪ್ಪಿದ್ದನ್ನು ನಾನು ನೋಡಿಲ್ಲ, ಆದರೆ ಆಯಿ ತನ್ನ ಕಡೆಯಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆ ವರ್ಷ ಅಪ್ಪ ಜೋಳ ಬಿಟ್ಟು ಗೋವಿನಜೋಳ ಹಾಕುತ್ತೇನೆಂದ. ಸುತ್ತಲಿನ ಹೊಲಗಳೆಲ್ಲ ಆಗಲೇ ಅದಕ್ಕೆ ತಿರುಗಿದ್ದವು. ಹಾನಗಲ್ಲಿಗೆ ಹೋಗಿ ಕಂಪನಿ ಬೀಜದ ಚೀಲ ತಂದ. ಊಟಕ್ಕೆ ಕೂತಾಗ ಜಗಳವಾಯಿತು. ಊರವರ ಬೀಜ, ಯಾರು ಯಾವ ಕೈಯಿಂದ ಮುಟ್ಟಿದರೋ, ಅದನ್ನು ನನ್ನ ಮೊರಕ್ಕೆ ಸುರಿಯಬೇಡ ಎಂದು ಆಯಿ ತಾಟನ್ನು ಪಕ್ಕಕ್ಕೆ ಸರಿಸಿದಳು. ಅಪ್ಪ ಕೆಟ್ಟವನಲ್ಲ, ಬರೀ ಜಗಳಕ್ಕೆ ಹೆದರುವವನು. ಆಕೆ ಉಣ್ಣದೆ ಎದ್ದರೆ ಅವನ ಗಂಟಲಲ್ಲೂ ರೊಟ್ಟಿ ಇಳಿಯುತ್ತಿರಲಿಲ್ಲ. ಎದ್ದು ಹೋಗಿ ಚೀಲದ ಬಾಯಿ ಬಿಚ್ಚಿ ನಾಲ್ಕು ಕಾಳು ತಂದು ದೀಪದ ಹತ್ತಿರ ಹಿಡಿದ. ಕಾಳುಗಳೆಲ್ಲ ಗುಲಾಬಿ ಬಣ್ಣಕ್ಕಿದ್ದವು.

"ನೋಡಬೇ, ಅವರೂ ಪೂಜಿ ಮಾಡೇ ಕಳಸ್ತಾರ. ಗುಲಾಲ ಹಚ್ಯಾರ ನೋಡು."

ಆಯಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಬೀಜಕ್ಕೆ ಬಣ್ಣ ಸವರುವುದೆಂದರೆ ಆಕೆಯ ತಿಳಿವಳಿಕೆಯಲ್ಲಿ ಪೂಜೆಯೇ. ಬೇರೆ ಯಾವ ಕಾರಣಕ್ಕೆ ಯಾರಾದರೂ ಬೀಜಕ್ಕೆ ಬಣ್ಣ ಸವರುತ್ತಾರೆ? ಹಾಗಾದರೆ ಅವರ ಮನೆಯಲ್ಲೂ ದೇವರಿದ್ದಾನೆ ಎಂದು ತಾಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಅದು ಹುಳಕ್ಕೆಂದು ಹಚ್ಚಿದ ಔಷಧ ಎಂದು ಅಂಗಡಿಯವನು ಅಪ್ಪನಿಗೆ ಹೇಳಿಯೇ ಕೊಟ್ಟಿದ್ದ. ಅಪ್ಪ ನಕ್ಕು ಮಜ್ಜಿಗೆ ಬಡಿಸು ಎಂದ. ಅವ್ವ ಬಡಿಸಿದಳು. ಆ ರಾತ್ರಿ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು.

ಬಿತ್ತನೆಯ ಬೆಳಗ್ಗೆ ಆಯಿ ಹೊಸ ಉತ್ಸಾಹದಲ್ಲಿದ್ದಳು. ಕಂಪನಿಯವರ ಗುಲಾಲಿನ ಮೇಲೆ ತನ್ನ ಅರಿಷಿಣವನ್ನೂ ಸವರಿದಳು. ಅಪ್ಪ ಕೂರಿಗೆ ಹೊತ್ತು ಮುಂದೆ ಹೋದ, ಅವ್ವ ಬುತ್ತಿ ಕಟ್ಟುತ್ತ ಒಳಗಿದ್ದಳು. ಆಯಿ ಮೊರದ ಹಿಡಿಕಾಳನ್ನು ಅಂಗಳಕ್ಕೆ ಚೆಲ್ಲಿದಳು. ಆಮೇಲೆ, ನಾನು ನೋಡುತ್ತಿದ್ದಂತೆ, ಮೆಟ್ಟಿಲ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈಯಲ್ಲಿ ಉಳಿದ ಕಾಳನ್ನು ಕೆಳಗೆ ಚಾಚಿದಳು.

"ಬಾರವಾ ಗೌಡ್ತಿ. ನೀನೂ ಹಕ್ಕಿನ ಅಲ್ಲೇನು, ನಿನಗೂ ಪಾಲೈತಿ."

ಗೌಡ್ತಿ ಬಂದು ಆಯಿಯ ಅಂಗೈಯಿಂದ ತಿಂದಿತು. ಕೊಕ್ಕು ತಾಗಿದಾಗ ಕಚಗುಳಿಯಾಗಿ ಆಯಿ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು. ನನಗೆ ಆಗ ಆದ ಸಂತೋಷವನ್ನು ಈಗ ಹೇಳುವುದೂ ಕಷ್ಟ. ನಾನು ಅಷ್ಟು ದಿನ ಕಾಯುತ್ತಿದ್ದದ್ದು ಇದಕ್ಕೇ, ಇನ್ನು ಯಾರೂ ನನ್ನ ಕೋಳಿಯನ್ನು ಗೋಡೆಯಾಚೆ ಹಾಕುವುದಿಲ್ಲ ಎಂದುಕೊಂಡೆ. ಅವ್ವನ ಹಿಂದೆ ಬುತ್ತಿಯ ಗಂಟು ಹೊತ್ತು ಹಾಡಿಕೊಳ್ಳುತ್ತ ಹೊಲಕ್ಕೆ ಹೋದೆ.

ಇಳಿಹೊತ್ತಿಗೆ ನಾವೆಲ್ಲ ಬಂದಾಗ ಗೌಡ್ತಿ ಗೋದಲಿಯ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ರೆಕ್ಕೆ ಬಿಚ್ಚಿಕೊಂಡಿತ್ತು, ಕಾಲು ಸೆಟೆದಿದ್ದವು, ಕೊಕ್ಕಿನ ಅಂಚಿನಲ್ಲಿ ಗುಲಾಬಿ ನೊರೆ ಒಣಗಿತ್ತು. ಆಯಿ ಪಡಸಾಲೆಯಲ್ಲಿ ಮಧ್ಯಾಹ್ನದ ನಿದ್ದೆಯಿಂದ ಇನ್ನೂ ಎದ್ದಿರಲಿಲ್ಲ. ಅಪ್ಪ ಕೋಳಿಯನ್ನು ನೋಡಿದ, ಹೊರಗೆ ಹೋಗಿ ಅಂಗಳ ನೋಡಿದ. ಬೇಲಿಯ ಬುಡದಲ್ಲಿ ಗುಬ್ಬಿಗಳು ಬಿದ್ದಿದ್ದವು. ಅವುಗಳನ್ನು ಮುತ್ತುಗದೆಲೆಯಲ್ಲಿ ಸುತ್ತಿ, ಉಳಿದ ಕಾಳನ್ನು ಗುಡಿಸಿ ಹಿತ್ತಲಿಗೆ ಒಯ್ದ. ನಾನು ಕೂಗಲೆಂದು ಬಾಯಿ ತೆರೆದೆ. ಅವ್ವ ಹಿಂದಿನಿಂದ ಬಂದು ಕೈಯಿಂದ ನನ್ನ ಬಾಯಿ ಮುಚ್ಚಿದಳು. ಆ ಕೈಗೆ ಹೊಲದ ಮಣ್ಣಿನ ವಾಸನೆಯಿತ್ತು.

"ಆಯಿ ಮುಂದ ಬಾಯಿ ಬಿಡಬ್ಯಾಡ. ಬೀಜ ಮುಟ್ಟೂದು ಒಂದ ಉಳದೈತಿ ಆಕಿಗೆ. ತನ್ನ ಕೈಯಿಂದ ಸತ್ತೈತಿ ಅಂತ ತಿಳೀತಂದ್ರ ಆ ಕೈ ಆಕಿ ಮತ್ತ ಎತ್ತೂದಿಲ್ಲ."

ಆಯಿ ಎದ್ದು ಬಂದು ಏನಾಯಿತೆಂದು ಕೇಳಿದಾಗ ಅಪ್ಪ ಹಾವು ಮುಟ್ಟಿದೆ ಎಂದ. ಅವನಿಗೆ ಥಟ್ಟನೆ ಹೊಳೆದದ್ದು ಅದೇ. ನುಗ್ಗೆಯ ಗಿಡದ ಬುಡದಲ್ಲಿ ಗುಂಡಿ ತೋಡಿ, ಉಪ್ಪು ಹಾಕಿ ಗೌಡ್ತಿಯನ್ನು ಹೂಳಿದ. ಗೋಡೆಯಾಚೆ ದ್ಯಾಮವ್ವನಿಗೆ ಮಾತ್ರ ಅವ್ವ ಇದ್ದದ್ದನ್ನು ಹೇಳಬೇಕಾಯಿತು. ಇಲ್ಲವಾದರೆ ಹಸನಾದ ಕೋಳಿಯನ್ನು ಮಣ್ಣಿಗೆ ಹಾಕಿದಿರಾ, ನನಗೆ ಕೊಡಬಾರದಿತ್ತೇ ಎಂದು ಆಕೆ ಗುಂಡಿಯನ್ನೇ ಅಗೆದಾಳು ಎಂಬ ಭಯ. ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸುಳ್ಳಿಗೆ ಅವಳೂ ಒಬ್ಬ ಆಳಾದಳು.

ಆ ಸುಳ್ಳಿನ ಚಾಕರಿ ಮರುದಿನದಿಂದ ಶುರುವಾಯಿತು. ಮನೆಯೊಳಗೆ ಹಾವಿದೆ ಎಂದ ಮೇಲೆ ಆಯಿ ಸುಮ್ಮನಿರುವಳೇ? ಬಣವೆ ಕಿತ್ತು ಮತ್ತೆ ಒಟ್ಟಿಸಿದಳು. ಬಿತ್ತನೆಯಲ್ಲಿ ಬೆನ್ನು ಸೋತಿದ್ದ ಅಪ್ಪ ಗೋದಲಿಯ ಕಲ್ಲೆಬ್ಬಿಸಿ ಕೋಲಿನಿಂದ ಬಿಲ ಕೆದಕಿದ. ಅವ್ವ ದಿನವೂ ಬೆಳ್ಳುಳ್ಳಿ ಅರೆದು ನೀರು ಮಾಡಿ ಮೂಲೆಮೂಲೆಗೆ ಚಿಮುಕಿಸಿದಳು. ದ್ಯಾಮವ್ವನ ಗಂಡ ಬಂದು, ಎಲ್ಲ ತಿಳಿದೂ, ಹೆಂಚಿನ ಸಂದಿಗೆ ಕಣ್ಣಿಟ್ಟು ಹುಡುಕಿದ. ಇರುವ ಹಾವನ್ನು ಹುಡುಕುವುದಕ್ಕಿಂತ ಇಲ್ಲದ ಹಾವನ್ನು ಹುಡುಕುವುದು ಕಷ್ಟ, ಅದು ಸಿಕ್ಕು ಕೆಲಸ ಮುಗಿಯುವುದೇ ಇಲ್ಲ. ಆಯಿ ತಾನು ಕುಡಿಯುವ ಹಾಲನ್ನು ಹುತ್ತಕ್ಕೆ ಒಯ್ದು ಎರೆದು ಬಂದಳು. ಸಂಜೆಯಾದರೆ ಎಲ್ಲರ ಮುಖವೂ ಕಳೆಗೆಟ್ಟಿರುತ್ತಿತ್ತು. ಅಪ್ಪ ಅವ್ವ ಒಬ್ಬರನ್ನೊಬ್ಬರು ನೋಡುವುದನ್ನೇ ಬಿಟ್ಟರು. ರೊಟ್ಟಿ ಬಡಿಯುವ ಸದ್ದಿನಲ್ಲೂ ಸಿಟ್ಟು ಕೇಳುತ್ತಿತ್ತು.

ಹಾವಿನ ಭಯಕ್ಕೆ ನಾನು ಮೆಟ್ಟಿಲ ಕೆಳಗೆ ಇಳಿಯುವಂತಿರಲಿಲ್ಲ. ಶಾಲೆಯಿಂದ ಬಂದರೆ ಆಯಿ ನನ್ನನ್ನು ಪಡಸಾಲೆಯಲ್ಲಿ ಮಗ್ಗುಲಿಗೆ ಕೂರಿಸಿಕೊಂಡು, ಸವಣೂರಿನ ಖಾರದ ತಿಂಡಿಯ ಪೊಟ್ಟಣ ಬಿಚ್ಚಿ ಮುಂದಿಡುವಳು. ಗೌಡ್ತಿಯ ಗುಣಗಳನ್ನು ಒಂದೊಂದಾಗಿ ಹೇಳುವಳು. ಒಂದು ದಿನವೂ ಮೇಲೆ ಹತ್ತಲಿಲ್ಲ, ಹೇಳಿದ್ದನ್ನು ಎಲ್ಲಿಯೂ ಆಡಲಿಲ್ಲ, ಕೊನೆಯ ದಿನ ನನ್ನ ಕೈಯಿಂದ ಪಾಲು ತಿಂದು ಹೋಯಿತು, ಅಷ್ಟಾದರೂ ಆಯಿತಲ್ಲ. ಹೀಗೆ ಹೇಳುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಳುವಳು. ನಾನು ಅಳುವಂತಿರಲಿಲ್ಲ. ಅತ್ತರೆ ಮಾತು ಹೊರಗೆ ಬಂದುಬಿಡುತ್ತದೆಂದು ನನಗೆ ಗೊತ್ತಿತ್ತು. ಆಕೆ ರೊಟ್ಟಿ ಮುರಿದು ಕೊಟ್ಟಾಗ ಆ ಅಂಗೈಯನ್ನೇ ನೋಡುತ್ತಿದ್ದೆ. ಆಕೆಯ ಮೇಲೆ ಸಿಟ್ಟೂ ಬರುತ್ತಿತ್ತು, ಪಾಪ ಎಂತಲೂ ಅನ್ನಿಸುತ್ತಿತ್ತು. ಎರಡನ್ನೂ ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿರುವುದರಲ್ಲಿ ನನ್ನ ಕೋಳಿ ಸತ್ತಿದೆ ಎಂಬುದೇ ಎಲ್ಲೋ ಹಿಂದೆ ಬಿದ್ದಿತ್ತು. ಈ ಹುಡುಗಿಗೆ ದುಃಖವೇ ಆಗಿಲ್ಲವಲ್ಲ ಎಂದು ಆಯಿ ಒಮ್ಮೆ ಅವ್ವನ ಹತ್ತಿರ ಆಶ್ಚರ್ಯಪಟ್ಟಳು. ಅವ್ವ ಒಲೆಯ ಕಡೆ ಮುಖ ತಿರುಗಿಸಿದಳು.

ಹೊಲದಲ್ಲಿ ಕಾಳು ಎಲ್ಲ ಕಡೆ ಸಮನಾಗಿ ಹುಟ್ಟಿರಲಿಲ್ಲ. ಬೋಳುಬಿದ್ದ ಸಾಲುಗಳಲ್ಲಿ ಮತ್ತೆ ಊರಬೇಕಾಗಿ ಅಪ್ಪ ಉಳಿದ ಚೀಲವನ್ನು ಹೊರಗೆ ತೆಗೆದ. ಆಯಿ ಆಗಲೇ ಮೊರ ಹಿಡಿದು ಅಂಚಿಗೆ ಬಂದು ಕೂತಿದ್ದಳು. ನೀವು ಕುಂದರ್ರಿ, ಇವತ್ತು ನಾನೇ ಮಾಡುತ್ತೇನೆ ಎಂದು ಅವ್ವ ಅಂದದ್ದಕ್ಕೆ, ಇನ್ನೂ ನನ್ನ ಕೈ ಬಿದ್ದು ಹೋಗಿಲ್ಲ ಎಂದು ಸಿಡುಕಿದಳು. ಪೂಜೆಯಾಯಿತು. ಅಪ್ಪ ಮೊರದಲ್ಲಿ ಒಂದು ಕಾಳೂ ಉಳಿಯದ ಹಾಗೆ ಚೀಲಕ್ಕೆ ಸುರಿದುಕೊಂಡು, ಬಾಯಿ ಬಿಗಿದು ಕಟ್ಟಿ, ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯತೊಡಗಿದ. ಬೀಜ ಮುಟ್ಟಿದ ಕೈಯನ್ನು ನಮ್ಮಲ್ಲಿ ಯಾರೂ ತೊಳೆಯುವುದಿಲ್ಲ, ಹಾಗೇ ಹೊಲಕ್ಕೆ ಹೋಗಬೇಕು. ಆಯಿ ಅದನ್ನೇ ನೋಡುತ್ತಿದ್ದಳು. ಹಕ್ಕಿಪಾಲು ಎಲ್ಲಿ ಎಂದು ಕೇಳಿದಳು. ಅಪ್ಪ ಈ ಸಲ ಬೇಡ ಎಂದ. ಯಾಕೆ ಎಂದಳು. ಅಪ್ಪ ಇನ್ನೊಮ್ಮೆ ಸಾಬೂನು ಹಚ್ಚಿಕೊಂಡ. ಆಯಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಗೆರೆಗಳ ನಡುವೆ ಗುಲಾಬಿ ಬಣ್ಣ ಕೂತಿತ್ತು.

"ಹಂಗಾರ ಹಾವಲ್ಲ."

ಅಪ್ಪ ಕೈ ಒರೆಸಿಕೊಳ್ಳುತ್ತ ಬಚ್ಚಲಿನಿಂದ ಬಂದ.

"ವಿಷ ಐತಿ ಅಂತ ಒಂದ ಮಾತು ಹೇಳಿದ್ರ ನಾ ಈ ಬೀಜ ಬ್ಯಾಡ ಅಂತಿದ್ನೇನು?"

"ಅಂತಿದ್ದಿ," ಎಂದ ಅಪ್ಪ.

ಹೌದು, ಅಂತಿದ್ದೆ ಎಂದು ಆಯಿ ಒಪ್ಪಿಕೊಂಡಳು. ಅವ್ವ ಹೆದರಿದಂತೆ ಆಕೆ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನಾನು ಕಂಬಕ್ಕೆ ಆತು ನಿಂತಿದ್ದೆ.

"ನಿನಗೂ ಗೊತ್ತಿತ್ತೇನ ಶಿವೂ?"

ನಾನು ಹೌದೆಂದು ತಲೆಯಾಡಿಸಿದೆ.

"ಅಯ್ಯ ನನ ಕೂಸ. ಇಷ್ಟು ದಿನಾ ನಿನಗ ಅಳಾಕೂ ಬಿಡಲಿಲ್ಲಲ್ಲ ಇವರು."

ಆಗ ನಾನು ಅತ್ತೆ. ಅವಳ ಉಡಿಯಲ್ಲಿ ಮುಖವಿಟ್ಟು, ಮೂಗು ಬಾಯಿ ಒಂದಾಗುವ ಹಾಗೆ, ಗೌಡ್ತಿ ಸತ್ತ ದಿನ ಅಳಬೇಕಾದದ್ದನ್ನೆಲ್ಲ ಅತ್ತೆ. ಆಯಿ ಬಣ್ಣದ ಕೈಗಳನ್ನು ನನಗೆ ತಾಗದ ಹಾಗೆ ಎರಡೂ ಕಡೆ ಎತ್ತಿ ಹಿಡಿದಿದ್ದಳು. ಅವಳೂ ಅಳುತ್ತಿದ್ದಳು. ಅಪ್ಪ ಚೀಲ ಹೊತ್ತು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಎತ್ತುಗಳ ನಡುವೆ ನಿಂತಿದ್ದ. ಕಾಳು ಊರಬೇಕಿತ್ತು, ಕೊನೆಗೆ ಹೋದ.

ಆಮೇಲೆ ಆಯಿ ಎದ್ದು ಬಚ್ಚಲಿಗೆ ಹೋಗಿ ಅಪ್ಪನ ಸಾಬೂನಿನಲ್ಲೇ ಕೈ ತೊಳೆದಳು, ಮೂಸಿ ನೋಡಿಕೊಂಡು ಮತ್ತೆ ತೊಳೆದಳು. ಅಟ್ಟದ ಮೂಲೆಯಲ್ಲಿ ಅವಳ ಹಳೆಯ ಮಡಕೆಯೊಂದರ ತಳದಲ್ಲಿ ಮನೆಯ ಜೋಳ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಅವ್ವನ ಕೈಯಿಂದ ಇಳಿಸಿಕೊಂಡು, ಬೂದಿ ಜಾಡಿಸಿ, ಮೊರವನ್ನು ತೊಳೆದು ಒರೆಸಿ ಅದಕ್ಕೆ ಸುರಿದಳು. ಮೆಟ್ಟಿಲು ಇಳಿದು, ದನದ ಮನೆ ದಾಟಿ, ಅಂಗಳದ ಕಟ್ಟೆಯ ಮೇಲೆ ಕೂತಳು. ನಾನೂ ಹಿಂದೆ ಹೋದೆ. ಚೆಲ್ಲುವ ಮೊದಲು ನಾಲ್ಕು ಕಾಳು ತನ್ನ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ವಸಡಿನಲ್ಲಿ ಬಹಳ ಹೊತ್ತು ಅರೆದು ನುಂಗಿದಳು. ಆಮೇಲೆ ಬೀಸಿ ಚೆಲ್ಲಿದಳು. ಮುಂದೆ ಬದುಕಿರುವ ತನಕ ಹಿತ್ತಲಲ್ಲಿ ಒಂದಿಷ್ಟು ಜೋಳ ಹಾಕಿಸಿಕೊಂಡಳು, ಹಕ್ಕಿಗಳಿಗೆಂದೇ. ಒಂದು ವರ್ಷವೂ ತಾನು ತಿನ್ನದೆ ಅವಕ್ಕೆ ಹಾಕಲಿಲ್ಲ.

ಆ ದಿನ ಗುಬ್ಬಿಗಳು ದ್ಯಾಮವ್ವನ ಮನೆಯ ಹೆಂಚಿನ ಮೇಲೆ ಸಾಲಾಗಿ ಕೂತು ನಮ್ಮನ್ನು ನೋಡಿದವೇ ಹೊರತು ಕೆಳಗೆ ಇಳಿಯಲಿಲ್ಲ. ಆಯಿ ಅವುಗಳನ್ನು ಕರೆಯಲೂ ಇಲ್ಲ. ಮೊರದಲ್ಲಿ ಉಳಿದ ಕಾಳನ್ನು ನನ್ನ ಅಂಗೈಗೆ ಹಾಕಿದಳು. ಬಾಯಿಗಿಟ್ಟರೆ ಬೂದಿಯ ರುಚಿ. ಅವು ಬರಲೆಂದು ಕಾಯುತ್ತ ನಾವಿಬ್ಬರೂ ಅಗಿಯುತ್ತ ಕೂತೆವು.